ಆಷಾಢದಲ್ಲಿ ಹಡಗಿನ ಕರೆಗಾಗಿ ನಂಜನಗೂಡಿಗೆ

ಭಾನುವಾರ ಬೆಳಿಗ್ಗೆ ತಿ. ನರಸೀಪುರದಿಂದ ಹೊರಟಾಗ ಸಣ್ಣ ಮಳೆ ಹಿಡಿದಿತ್ತು. ಅಮ್ಮ ಬಸ್ ನಿಲ್ದಾಣದವರೆಗೂ ಬಂದಳು. "ಆಸಾಡ್ದಲ್ಲಿ ಗಂಡನ್ ಮನೆ ದಾರಿ ಹಿಡೀಬಾರ್ದು ಕಣವ್ವ" ಎಂದಳು. ಮನೆಗಲ್ಲ, ಫೋನ್ ಬೂತಿಗೆ ಎಂದೆ. ಮತ್ತೆ ತಡೆಯಲಿಲ್ಲ. ಹಿಂದಿನ ಸಂಜೆ ಪಕ್ಕದ ಮನೆಯ ಟಿವಿ ಸುದ್ದಿಯಲ್ಲಿ, ಬೆಂಕಿ ಬಿದ್ದು ಹೊಗೆ ಉಗುಳುತ್ತಿದ್ದ ಬಿಳಿಯ ಪ್ರವಾಸಿ ಹಡಗನ್ನು ಇಬ್ಬರೂ ನೋಡಿದ್ದೆವು. ಹಡಗಿನ ಹೆಸರು ಹೇಳುವ ಮೊದಲೇ ಕರೆಂಟ್ ಹೋಯಿತು. ನನ್ನ ಗಂಡ ಮಹದೇವ ಅಂಥದೇ ಒಂದು ಹಡಗಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದರು.

ಮೊಬೈಲ್ ಇನ್ನೂ ನಮ್ಮ ಕಡೆ ಬಾರದ ಕಾಲ ಅದು. ಹಡಗು ದಡ ಮುಟ್ಟಿದ ಭಾನುವಾರಗಳಲ್ಲಿ ಅವರು ನಂಜನಗೂಡಿನ ನಮ್ಮ ಬೀದಿಯ ಎಸ್‌ಟಿಡಿ ಬೂತಿಗೆ ಕರೆ ಮಾಡುತ್ತಿದ್ದರು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಸೊಸೆ ತವರಿಗೆ ಹೋಗಬೇಕು. ಅವರು ಹಡಗಿಗೆ ಹೊರಡುವಾಗ ಇದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ತವರಿನಲ್ಲಿ ಫೋನ್ ಇರಲಿಲ್ಲ. ರಾತ್ರಿ ಅಲ್ಲಿನ ಬೂತಿನಿಂದ ನಮ್ಮ ಬೀದಿಯ ಬೂತಿಗೆ ನಾನೇ ಮಾಡಿ ನೋಡಿದ್ದೆ, ಯಾರೂ ಎತ್ತಿರಲಿಲ್ಲ.

ಟಿಕೆಟ್ ಏಳು ರೂಪಾಯಿ. ಕಿಟಕಿಯಿಂದ ನೀರು ಒಳಗೆ ಹೊಡೆಯುತ್ತಿತ್ತು. "ಹೊಳೆ ಏರೈತೆ. ಸೇತ್ವೆ ಮ್ಯಾಲೆ ನೀರು ಬಂದಿದ್ರೆ ಅಲ್ಲೇ ಇಳ್ಸಿಬುಡ್ತೀನಿ, ಆಮೇಲ್ ನನ್ ಬೈಬೇಡಿ" ಎಂದು ಕಂಡಕ್ಟರ್ ಎಲ್ಲರಿಗೂ ಸಾರಿದ. ಹಿಂದಿನ ಸೀಟಿನವರೊಬ್ಬರು, "ನೀನ್ ಇಳ್ದ್ಬುಡ್ಲಾ, ನಾವು ಬಸ್ಸನ್ನೇ ತೆಪ್ಪ ಮಾಡ್ಕಂಡ್ ಓಯ್ತೀವಿ" ಎಂದರು. ಬಸ್ಸೆಲ್ಲ ನಕ್ಕಿತು. ನಾನೂ ನಗಲು ನೋಡಿದೆ.

ಹಡಗಿಗೆ ಕಾಲಕ್ಕೊಂದು ತವರು ಬಂದರು ಇರುತ್ತದೆಂದು ಅವರು ಹೇಳಿದ್ದರು. ಬೇಸಿಗೆಗೆ ಉತ್ತರದ ಹಿಮದ ತೀರ, ಚಳಿಗಾಲಕ್ಕೆ ಬಿಸಿಲಿನ ದ್ವೀಪಗಳು. ಜನರನ್ನು ಅಲ್ಲಿಂದ ಹತ್ತಿಸಿಕೊಂಡು ಸುತ್ತಾಡಿಸಿ ಅಲ್ಲಿಗೇ ತಂದು ಇಳಿಸುತ್ತಾರೆ. ಅಂದಿನಿಂದ ನಾನೂ ಮನಸ್ಸಿನಲ್ಲಿ ಹಡಗಿಗೆ ದಾರಿ ಹಾಕತೊಡಗಿದ್ದೆ. ದೀಪಾವಳಿಯಿಂದ ಯುಗಾದಿವರೆಗೆ ಮಂಗಳೂರೇ ತವರು ಬಂದರು. ಅಲ್ಲಿಂದ ಲಕ್ಷದ್ವೀಪ, ಕೊಚ್ಚಿ, ಕೊಲಂಬೊ, ಮತ್ತೆ ಮಂಗಳೂರು. ಪ್ರತಿ ಸುತ್ತು ಮುಗಿದಾಗ ಅವರು ಬಸ್ಸು ಹಿಡಿದು ಮನೆಗೆ ಬಂದು ಉಂಡು ಹೋಗಬಹುದು. ಇನ್ನೂ ಬೇಗ ಬರಲೆಂದು ಒಮ್ಮೆ ಕೊಲಂಬೊವನ್ನೇ ತೆಗೆದುಹಾಕಿದ್ದೆ. ಪ್ರವಾಸಿಗರು ಬೇಕಾದರೆ ಗೊಣಗಲಿ. ಆಷಾಢದಲ್ಲಿ ನಮ್ಮ ಕಡಲು ಒರಟು, ಆಗ ಹಡಗು ಉತ್ತರಕ್ಕೆ ಹೋಗಲಿ, ಹೇಗೂ ನಾನು ತವರಿನಲ್ಲಿರುತ್ತೇನೆ. ಅಂದು ಬಸ್ಸಿನಲ್ಲೂ ಅದೇ ದಾರಿ ಹಿಡಿದೆ. ಕೊಚ್ಚಿ ದಾಟುತ್ತಲೇ ಹಡಗಿನಿಂದ ಹೊಗೆ ಏಳುತ್ತಿತ್ತು. ಮತ್ತೆ ಮಂಗಳೂರಿನಿಂದ ಹೊರಡಿಸುತ್ತಿದ್ದೆ.

ಸುತ್ತೂರಿನ ಹತ್ತಿರ ಕಂಡಕ್ಟರ್ ಇಳಿದು ಸೇತುವೆ ನೋಡಿ ಬಂದು ಸೀಟಿ ಊದಿದ. ಕೆಂಪು ನೀರು ಸೇತುವೆಯ ಕೆಳಗೇ ಇತ್ತು.

ನಂಜನಗೂಡಿನಲ್ಲಿ ಬೂತಿನ ಎದುರು ಅತ್ತೆ ಕೊಡೆ ಹಿಡಿದು ನಿಂತಿದ್ದರು. ತಾಂಡ್ಯದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಅವರದು. ಆ ದಿನದ ಪಾಳಿ ಬಿಟ್ಟಿದ್ದರು. ಹಡಗಿನ ಸುದ್ದಿ ಅವರಿಗೂ ಮುಟ್ಟಿತ್ತು. ನನಗೆ ಒಳಗೆ ಕೂರಲು ಹೇಳಿ ತಾವು ಬೀದಿಯಲ್ಲೇ ಉಳಿದರು.

ಬೂತಿನ ಬಸವಣ್ಣ, "ಒಳೀಕ್ ಬನ್ನಿ ಅಕ್ಕ, ನೆನೀತಾ ಇದೀರಿ. ಬೂತಿಗೂ ಒಸ್ಲು ಲೆಕ್ಕವಾ?" ಎಂದರು.

"ಬಾಗ್ಲು ಮಡ್ಗಿದ್ಮ್ಯಾಲೆ ಒಸ್ಲೂ ಮಡ್ಗಿದೀಯ. ನನ್ ಮಗ ನೀರ್ ಮ್ಯಾಲವ್ನೆ, ನಾನ್ ದಾಟಕಿಲ್ಲ" ಎಂದರು ಅತ್ತೆ. ಬಳಿಕ ನನ್ನತ್ತ ತಿರುಗಿ, "ಏನಾರ ತಿಂದ್ಯವ್ವ?" ಎಂದರು.

"ತಿಂದೆ."

"ಮೋರೆ ಏಳ್ತಾ ಅದೆ, ತಿಂದಿಲ್ಲ ಅಂತ."

ಮಧ್ಯಾಹ್ನದ ಹೊತ್ತಿಗೆ ಫೋನ್ ಬಡಿದುಕೊಂಡಿತು. ನಾನೇ ಎತ್ತಿದೆ. ಮೊದಲು ಬರೀ ಸದ್ದು. ಆಮೇಲೆ, "ನಾನೇ ಕಣೆ. ಅದು ನಮ್ಮ ಹಡಗಲ್ಲ."

ಬಾಗಿಲ ಕಡೆ ತಿರುಗಿ, "ಅವ್ರೇ ಅತ್ತೆ" ಎಂದೆ. ಅತ್ತೆಯ ಕೈಯಿಂದ ಕೊಡೆ ಬಿತ್ತು. "ಉಂಡ್ನಾ ಕೇಳು" ಎಂದರು.

"ಉಂಡ್ರಾ ಅಂತ ಕೇಳ್ತವ್ರೆ."

ಅವರು ನಕ್ಕದ್ದು ಕೇಳಿಸಿತು. ಆಮೇಲೆ ದನಿ ತಗ್ಗಿತು. "ಸುಟ್ಟೋದ ಹಡಗಿನ ದಾರೀನ ನಮ್ ಹಡಗಿಗೆ ಕೊಟ್ಟವ್ರೆ. ತವರು ಬಂದರು ಕೂಡ ಬೇರೆ. ದೀಪಾವಳಿಗೆ ಬರಕ್ಕಾಗಲ್ಲ, ಯುಗಾದಿಗೆ ನೋಡಣ. ಅವ್ವಂಗೆ ಕೊಡು."

ರಿಸೀವರನ್ನು ಬಾಗಿಲಿನತ್ತ ಚಾಚಿದೆ. ವೈರು ಸಾಲಲಿಲ್ಲ. ಅದನ್ನು ಮೇಜಿನ ಮೇಲಿಟ್ಟು, ಅತ್ತೆ ಹೋಗಿ ಮಾತಾಡಲೆಂದು ನಾನು ಹೊರಗೆ ಬಂದೆ. ಅತ್ತೆ ಒಂದು ಕಾಲೆತ್ತಿದರು, ನಾನು ಆಗಷ್ಟೇ ದಾಟಿದ್ದ ಹೊಸಿಲನ್ನು ನೋಡಿದರು, ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. "ಮಾದೇವಾ, ಉಸಾರು ಕಣೋ" ಎಂದು ಬೀದಿಯಿಂದಲೇ ಕೂಗಿದರು. ಬಸವಣ್ಣ ರಿಸೀವರ್ ಕಿವಿಗಿಟ್ಟು ನೋಡಿ, ಮೆಲ್ಲಗೆ ಕೆಳಗಿಟ್ಟರು. ಲೈನ್ ಹೋಗಿತ್ತು.

ಯುಗಾದಿಯ ಮಾತು ಹೇಳಿದೆ. "ಬದುಕವ್ನಲ್ಲ, ಯಾವಾಗಾರ ಬರ್ಲಿ. ನೀ ನಡಿ, ಬಸ್ಸು ಒಂಟೋಯ್ತದೆ" ಎಂದು ಅತ್ತೆ ಸೆರಗಿನಿಂದ ನನ್ನ ತಲೆ ಒರೆಸಿದರು.

ಮರಳುವ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಹಡಗಿಗೆ ಹೊಸ ದಾರಿ ಹಾಕಲು ನೋಡಿದೆ. ಮಂಗಳೂರು ಬಿಟ್ಟರೆ ಎಲ್ಲಿಂದ ಹೊರಡಿಸಬೇಕೋ ತಿಳಿಯಲಿಲ್ಲ. ಬಸ್ಸು ನಮ್ಮ ಬೀದಿಯ ಮುಂದೆ ಹಾಯ್ದಾಗ ತಿರುಗಿ ನೋಡಿದೆ. ಕೊಡೆ ಬೂತಿನ ಹೊರಗೆ ನೇತಾಡುತ್ತಿತ್ತು. ಅತ್ತೆ ಹೊಸಿಲು ದಾಟಿ ಒಳಗೆ, ನಾನು ಕೂತಿದ್ದ ಸ್ಟೂಲಿನ ಮೇಲೆ ಕೂತು ಫೋನನ್ನೇ ನೋಡುತ್ತಿದ್ದರು.