ಬಾಲಕ್ಕೆ ಹಾಕಿದ ಗೋಂದು

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ನಾನು ಮದ್ದೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಬೆಂಗಳೂರಿನಲ್ಲಿದ್ದ ಅಣ್ಣ ತಂದುಕೊಟ್ಟ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಹೆಲಿಕಾಪ್ಟರಿನ ಚಿತ್ರವಿತ್ತು. ನೆತ್ತಿಯ ಮೇಲಿನ ರೆಕ್ಕೆ ತಿರುಗಿಸಿಕೊಂಡು, ನಿಂತಲ್ಲಿಂದಲೇ ನೆಟ್ಟಗೆ ಮೇಲೇಳುವ ವಿಮಾನ. ಅದರ ಪುಟ್ಟ ಮಾದರಿಯೊಂದನ್ನು ಹಾರಿಸಿ ಮಕ್ಕಳಿಗೆ ತೋರಿಸಬೇಕೆಂದು ಹಟ ಹಿಡಿದೆ.

ಬಿದಿರ ಸೀಳು, ಗಾಳಿಪಟದ ಕಾಗದ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರು ಪಟ್ಟಿ. ಪಟ್ಟಿಯನ್ನು ಹುರಿಗೊಳಿಸಿ ಬಿಟ್ಟರೆ ರೆಕ್ಕೆಯೇನೋ ತಿರುಗುತ್ತಿತ್ತು. ಆದರೆ ರೆಕ್ಕೆ ಬಲಕ್ಕೆ ತಿರುಗಿದರೆ ಒಡಲು ಎಡಕ್ಕೆ ಗಿರಗಿರನೆ ಸುತ್ತಿ ಅಡ್ಡಬೀಳುತ್ತಿತ್ತು. ವಾರಗಟ್ಟಲೆ ಇದೇ ಗೋಳು. ಕೊನೆಗೆ ಬಾಲಕ್ಕೊಂದು ತಗಡಿನ ಎಲೆ ಇಡುವುದು ಹೊಳೆಯಿತು. ರೆಕ್ಕೆ ಕೆಳಕ್ಕೆ ತಳ್ಳುವ ಗಾಳಿ ಓರೆಯಾಗಿ ನಿಂತ ಎಲೆಗೆ ಬಡಿದರೆ ಒಡಲನ್ನು ಬಲಕ್ಕೆ ನೂಕುತ್ತದೆ. ಎರಡು ನೂಕುಗಳೂ ಸಮವಾದರೆ ಸುತ್ತುವುದು ನಿಲ್ಲುತ್ತದೆ. ಎಷ್ಟು ಓರೆ ಬೇಕೆಂಬುದು ಹಾರಿಸಿ ನೋಡಿಯೇ ತಿಳಿಯಬೇಕು. ಅದಕ್ಕೆ ಎಲೆ ಬಾಗಿಲಿನ ಹಾಗೆ ತಿರುಗುವಂತಿರಬೇಕಿತ್ತು. ನಮ್ಮ ಬೀದಿಯ ತಗಡು ಕೆಲಸದ ಸಾಹೇಬರು ನಾನು ಹೇಳಿದ ಹಾಗೆ ಒಂದು ಸಣ್ಣ ಕೀಲು ಮಾಡಿಕೊಟ್ಟರು. ಅಂಗಳದಲ್ಲಿ ಬಿಟ್ಟಾಗ ಸೂರಿನ ಎತ್ತರಕ್ಕೆ ನೆಟ್ಟಗೆ ಏರಿತು.

"ಮೇಷ್ಟ್ರಮ್ಮ, ಇದ ಮಂಡ್ಯಕ್ಕೆ ತಕ್ಕೊಂಡೋಗಿ" ಎಂದರು ಸಾಹೇಬರು.

ಮಂಡ್ಯದಲ್ಲಿ ಶಾಲೆಗಳ ವಸ್ತುಪ್ರದರ್ಶನವಿತ್ತು. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡೇ ಹೋದೆ. ಎಲೆಯನ್ನು ಬೇಕಾದಷ್ಟು ಓರೆ ಮಾಡಿಟ್ಟು, ಊಟ ಮುಗಿಸಿ ಬರುವಷ್ಟರಲ್ಲಿ ಮುಖ್ಯ ಅತಿಥಿಗಳು ನನ್ನ ಮೇಜಿನೆದುರು ನಿಂತಿದ್ದರು. ಅವಸರದಲ್ಲಿ ರಬ್ಬರು ಹುರಿಗೊಳಿಸಿ ಬಿಟ್ಟೆ. ಆಳೆತ್ತರ ಏರಿದ್ದೇ ತಡ, ಬುಗುರಿಯಂತೆ ಸುತ್ತಿ, ಚಪ್ಪರದ ಗಳುವಿಗೆ ಬಡಿದು ಅವರ ಕಾಲ ಬಳಿ ಬಿತ್ತು.

ಉಸ್ತುವಾರಿ ಹೊತ್ತಿದ್ದ ಹಿರಿಯ ಮೇಷ್ಟರು ನಕ್ಕು, "ಎಂಗಸ್ರು ಇಮಾನ ಮಾಡುದ್ರೆ ಇಂಗೇಯ ಸ್ವಾಮಿ" ಅಂದರು. ಅತಿಥಿಗಳೂ ನಕ್ಕು ಮುಂದೆ ಹೋದರು.

ಎತ್ತಿಕೊಂಡು ನೋಡಿದೆ. ಬಾಲದ ಎಲೆ ನೆಟ್ಟಗಾಗಿತ್ತು. ಕೀಲಿನ ತುಂಬ ಒಣಗಿದ ಗೋಂದು.

"ಯಾರು ಇದಕ್ಕೆ ಗೋಂದು ಹಾಕಿದ್ದು?" ಎಂದು ಕೇಳಿದೆ.

"ನಾನೇ ಆಕುಸ್ದೆ ಕಣಮ್ಮ. ಸೊಟ್ಟಗಿತ್ತು, ಲಟಲಟ ಅಂತಿತ್ತು. ದೊಡ್ಡೋರು ಬತ್ತಾರೆ, ಅಂದವಾಗಿರ್ಲಿ ಅಂತ" ಎಂದರು ಅಲ್ಲೇ ನಿಂತಿದ್ದ ಆ ಮೇಷ್ಟರು.

"ಬೇಕು ಅಂತ್ಲೇ ಸೊಟ್ಟ ಮಾಡಿದ್ದೆ. ನನ್ನ ಒಂದು ಮಾತು ಕೇಳ್ಬೇಕಾಗಿತ್ತು ತಾವು."

"ಬುಡಮ್ಮ, ಆಟದ ಸಾಮಾನ್ಗೆ ಇಷ್ಟು ಕ್ವಾಪ್ವಾ?"

ಮೈಯೆಲ್ಲ ಉರಿದುಹೋಯಿತು. ಪಕ್ಕದ ಮೇಜಿನವರಿಂದ ಬ್ಲೇಡು ಈಸಿಕೊಂಡು, ಅವರ ಎದುರಿಗೇ ಗೋಂದು ಕೆರೆದೆ. ಬಾಗಿದ ರೆಕ್ಕೆ ತಿದ್ದಿ, ಎಲೆಯನ್ನು ಓರೆ ಮಾಡಿ, ಮತ್ತೆ ಬಿಟ್ಟೆ. ಮೂತಿ ಒಂದಿಷ್ಟೂ ಅತ್ತಿತ್ತ ಹೊರಳಲಿಲ್ಲ. ಚಪ್ಪರದ ಬಟ್ಟೆ ಮುಟ್ಟಿ ಮೆಲ್ಲಗೆ ಇಳಿಯಿತು. ಮಳವಳ್ಳಿಯಿಂದ ಬಂದಿದ್ದ ಹುಡುಗಿಯರು ಚಪ್ಪಾಳೆ ಹೊಡೆದರು. ಆ ಮೇಷ್ಟರು ಅಷ್ಟರಲ್ಲೇ ಬೆನ್ನು ತಿರುಗಿಸಿದ್ದರು.

ನಾನು ಅತಿಥಿಗಳ ಹಿಂದೆಯೇ ಹೋಗಿ, ಇನ್ನೊಮ್ಮೆ ನೋಡಬೇಕೆಂದು ಕೇಳಿಕೊಂಡೆ. ಅವರು ಗಡಿಯಾರ ನೋಡಿಕೊಂಡರು. ಬಹುಮಾನ ಆ ಮೇಷ್ಟರ ಶಾಲೆಯವರೇ ಮಾಡಿದ ಮಣ್ಣಿನ ಅಣೆಕಟ್ಟೆಗೆ ಹೋಯಿತು. ಅದರಲ್ಲಿ ಒಂದು ತೊಟ್ಟು ನೀರೂ ಹರಿಯುತ್ತಿರಲಿಲ್ಲ.

ಊರಿಗೆ ಮರಳಿ ಎಲ್ಲ ಹೇಳಿದಾಗ ಸಾಹೇಬರು, "ಬುಡಿ, ನಮ್ ಮಕ್ಳು ನೋಡ್ಲಿ" ಎಂದು ನಜ್ಜಿದ ಎಲೆಯನ್ನು ಬಡಿದು ಸರಿಮಾಡಿಕೊಟ್ಟರು. ನಮ್ಮ ಶಾಲೆಯಲ್ಲಿ ಹಾರಿಸಿದೆ. ಹುಡುಗಿಯರು ಒಬ್ಬೊಬ್ಬರಾಗಿ ಎಲೆ ತಿರುಗಿಸಿ ನೋಡಿದರು.

ಮರುವರ್ಷ ಅದೇ ಮೇಷ್ಟರು ಆಳು ಕಳಿಸಿ, ಪ್ರದರ್ಶನದ ಬಾಗಿಲಲ್ಲಿ ಹಾರಿಸಲು ಆ "ಆಟದ ಸಾಮಾನು" ಬೇಕೆಂದರು. ಕೊಡುವುದಿಲ್ಲವೆಂದು ಹೇಳಿ ಕಳಿಸಿದೆ.