ಎರಡು ಉಂಡಿಗೆ ಮಾರಿದ ಕನಸು

ಆ ಆಟಕ್ಕೆ ನಾನು ಮೊದಲ ದಿನ ಕೊಟ್ಟ ಬೆಲೆ ಹನ್ನೊಂದು ಮಾವಿನಕಾಯಿ. ಶಂಕ್ರಣ್ಣ ಇಪ್ಪತ್ತು ಕೇಳಿದ್ದ. ನಾನು ಎಂಟರಿಂದ ಶುರು ಮಾಡಿ ಹನ್ನೊಂದಕ್ಕೆ ನಿಂತೆ. ಹನ್ನೆರಡು ವರ್ಷದ ಹುಡುಗಿಗೆ ಅದು ಒಳ್ಳೆಯ ವ್ಯಾಪಾರವೇ. ನಿಜವಾದ ಬೆಲೆಯನ್ನು ಆಮೇಲೆ ನನ್ನ ಅಕ್ಕ ಕೊಟ್ಟಳು. ಅವಳ ಜೊತೆ ಯಾರೂ ಚೌಕಾಸಿ ಮಾಡಲಿಲ್ಲ.

ತಿಳವಳ್ಳಿಯಲ್ಲಿ ಆಗ ಫೋನು ಅಂದರೆ ಅಪ್ಪಂದಿರ ಅಂಗಿಯ ಕಿಸೆಯಲ್ಲಿರುವ, ಗುಂಡಿ ಒತ್ತುವ ಫೋನು. ಮಕ್ಕಳ ಪಾಲಿಗೆ ಸಿಗುತ್ತಿದ್ದುದು ಅದರೊಳಗಿನ ಹಾವಿನಾಟ, ಅದೂ ಚಾರ್ಜು ಉಳಿದಿದ್ದರೆ. ನಾನು ಹತ್ತಿರದಿಂದ ಕಂಡ ಮೊದಲ ಕಂಪ್ಯೂಟರು ಬಸ್ ಸ್ಟ್ಯಾಂಡಿನ ಬದಿಯ ಶಂಕ್ರಣ್ಣನ ಫೋಟೋ ಸ್ಟುಡಿಯೋದ್ದು. ಒಳಗೆ ಕಾಲಿಟ್ಟರೆ ಗಿರಾಕಿಗಳಿಗೆಂದು ಇಟ್ಟ ಪೌಡರಿನ ವಾಸನೆ, ಲ್ಯಾಮಿನೇಷನ್ನಿನ ಬಿಸಿ ಪ್ಲಾಸ್ಟಿಕ್ ವಾಸನೆ. ಶಂಕ್ರಣ್ಣ ಮದುವೆ ಆಲ್ಬಮ್ ಮಾಡುವವನು. ಹುಬ್ಬಳ್ಳಿಯ ಗೆಳೆಯನೊಬ್ಬ ಕೊಟ್ಟ ಸೀಡಿಯಲ್ಲಿ ಆ ಆಟದ ಮೂರು ಭಾಗಗಳಿದ್ದವು. ಮೂರರಲ್ಲೂ ಒಬ್ಬಳೇ ಹುಡುಗಿ.

ಹದಿನೈದು ಹದಿನಾರರ ಹುಡುಗಿ. ಹಣೆಯ ಮೇಲೆ ಕೂದಲು, ಜೋಲು ಬಿದ್ದ ಹೆಗಲು. ಮನೆಯ ಮೇಲಂತಸ್ತಿನಲ್ಲಿ ಅವಳ ಕೋಣೆ. ಅವಳನ್ನು ಮೆಟ್ಟಿಲ ತುದಿಗೆ ತಂದು ಕೆಳಗಿಳಿಸುವ ಗುಂಡಿ ಒತ್ತಿದರೆ ಹಿಂದಕ್ಕೆ ಸರಿಯುತ್ತಿದ್ದಳು. ಇನ್ನೊಮ್ಮೆ ಒತ್ತಿದರೆ ಅಲ್ಲೇ ಕುಳಿತು ಮೊಣಕಾಲಲ್ಲಿ ಮುಖ ಹುದುಗಿಸುತ್ತಿದ್ದಳು. ಅವಳಿಗೆ ಏನಾಗಿದೆ ಎಂದು ಆಟ ಹೇಳುತ್ತಿರಲಿಲ್ಲ. ಹೇಳಿದ್ದರೂ ಆ ಪರದೇಶದ ಲಿಪಿ ನಮಗೆ ಬರುತ್ತಿರಲಿಲ್ಲ.

"ಶಂಕ್ರಣ್ಣಾ, ಈಕಿ ಹೆಸರೇನ?"

"ಯಾರಿಗ್ಗೊತ್ತವ್ವಾ. ಏನ್ ಮಾಡಂದ್ರೂ ಒಲ್ಲೆ ಅಂತಾಳ. ಒಲ್ಲವ್ವ ಅಂತ ಇಟ್ಕೋ."

ಹೆಸರು ಕೂತುಬಿಟ್ಟಿತು. ಒಲ್ಲವ್ವನನ್ನು ಮಂಚದ ಮೇಲೆ ಮಲಗಿಸಿದರೆ ಮಾತ್ರ ಆಟ ನಡೆಯುತ್ತಿತ್ತು. ನಿದ್ದೆಯಲ್ಲಿ ಅದೇ ಮೆಟ್ಟಿಲು ಬೇರೆ ಬೇರೆ ಕಡೆ ಇಳಿಯುತ್ತಿತ್ತು. ತಲೆಯ ಜಾಗದಲ್ಲಿ ಲಾಟೀನು ಉರಿಯುವ ಜನರ ಪೇಟೆ. ಗೋವಿನಜೋಳದ ಹಾಗೆ ಸಾಲಾಗಿ ಛತ್ರಿ ಬೆಳೆದ ಹೊಲ. ಬಿಳಿ ಕೋಳಿಗಳು ಟಿಕೆಟ್ ಹಿಡಿದು ಕುಳಿತ ರೈಲು. ಗೆಲ್ಲುವುದಿಲ್ಲ, ಸೋಲುವುದಿಲ್ಲ, ಸುಮ್ಮನೆ ಅಲೆಯಬೇಕು. "ಹೊಡ್ಯೂದಿಲ್ಲ, ಬಡ್ಯೂದಿಲ್ಲ, ಇದ್ಯಾ ಸೀಮಿ ಆಟ!" ಎಂದು ಬೇಸತ್ತ ಶಂಕ್ರಣ್ಣ, ತನ್ನ ಕೈ ಬೇರೆ ಕೆಲಸದಲ್ಲಿದ್ದಾಗ ಅದನ್ನು ನನಗೆ ಬಿಟ್ಟುಕೊಡುತ್ತಿದ್ದ. ಅದರ ಬಾಡಿಗೆಯೇ ಮಾವಿನಕಾಯಿ. ಹುಡುಗಿ ಸ್ಟುಡಿಯೋದಲ್ಲಿ ಕೂರುತ್ತಾಳೆಂದು ಅಪ್ಪನಿಗೆ ಗೊತ್ತಾದರೆ ಬೆನ್ನು ಮುರಿಯುತ್ತಿದ್ದ. ಹೆಚ್ಚಿನ ಮಾವಿನಕಾಯಿ ಶಂಕ್ರಣ್ಣನ ಬಾಯಿ ಮುಚ್ಚುವುದಕ್ಕೆ.

ಇನ್ನು ನಮ್ಮ ಆಯಿಯ ಸಂಗತಿ ಹೇಳಬೇಕು. ಆಯಿ ಅಂದರೆ ಅಪ್ಪನ ತಾಯಿ. ಬೆಳಿಗ್ಗೆ ಕಟ್ಟೆಯ ಮೇಲೆ ಚಹಾ ಹಿಡಿದು ಕುಳಿತರೆ ಅವಳ ಮೊದಲ ಮಾತು, "ಏನ್ ಕನಸ ಬಿತ್ತವಾ ಗಿರ್ಜಿ?" ಬಾಯಿ ಮುಕ್ಕಳಿಸಿ ಬಂದು ಹೇಳಬೇಕು. ಚಲೋ ಕನಸಾದರೆ ಸೊಂಟದ ಕೀಲಿ ತೆಗೆದು ಡಬ್ಬಿಯಿಂದ ಒಂದು ಶೇಂಗಾ ಉಂಡಿ. ನನಗೋ ಮಲಗಿದರೆ ಚೀಲ ಎಸೆದ ಹಾಗೆ ನಿದ್ದೆ, ಕನಸೇ ಬೀಳುತ್ತಿರಲಿಲ್ಲ. ಮಾಲಿಲ್ಲದ ಅಂಗಡಿಯಂತೆ ಎಷ್ಟೋ ದಿನ ಬರಿಗೈಲಿ ನಿಂತಿದ್ದೆ.

ಒಂದು ಬೆಳಿಗ್ಗೆ ಲಾಟೀನು ತಲೆಯ ಪೇಟೆಯನ್ನು ನನ್ನದೇ ಕನಸೆಂದು ಹೇಳಿದೆ.

"ಇಷ್ಟ ಬೆಳಕ ಕಂಡ್ಯಾ? ಮನ್ಯಾಗ ಶುಭ ಆಕ್ಕೈತಿ ತಗೋ" ಎಂದು ಆಯಿ ಡಬ್ಬಿ ತೆಗೆದಳು. ಅದೇ ವಾರ ಅಕ್ಕ ರೇಣುಕಾ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಬಂದಳು. ಛತ್ರಿಯ ಹೊಲ ಹೇಳಿದೆ. "ಮಳಿ ಲಗೂನ ಬರ್ತೈತಿ" ಎಂದಳು. ಅಪ್ಪ ಅಂದೇ ಹಾನಗಲ್ಲಿಗೆ ಹೋಗಿ ಬೀಜ ತಂದ, ಮಳೆಯೂ ಬಂತು. ಮನೆಯಲ್ಲಿ ನನ್ನ ಕನಸಿಗೆ ದರ ಏರಿತು. ಮಾವಿನಕಾಯಿ ತೀರುತ್ತ ಬಂದಾಗ ಶಂಕ್ರಣ್ಣನಿಗೂ ಉಂಡಿಯನ್ನೇ ಒಪ್ಪಿಸಿದೆ. ಆಟದಿಂದ ಕನಸು, ಕನಸಿನಿಂದ ಉಂಡಿ, ಉಂಡಿಯಿಂದ ಮತ್ತೆ ಆಟ. ಬಂಡವಾಳವಿಲ್ಲದ ಇಂಥ ದಂಧೆ ನನಗೆ ಮತ್ತೆ ಸಿಕ್ಕಿಲ್ಲ, ಸಿಗುವುದೂ ಬೇಡ.

ಅಕ್ಕನಿಗೆ ಹಾವೇರಿಯಲ್ಲಿ ಸೈನ್ಸ್ ಸೀಟು, ಹುಡುಗಿಯರ ಹಾಸ್ಟೆಲ್ಲಿನಲ್ಲಿ ಜಾಗ ಎರಡೂ ಸಿಕ್ಕವು. ಸೋಮವಾರ ಸಂಜೆಯೊಳಗೆ ಹಾಜರಾಗದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆಂದು ಕಾಗದ ಬಂದಿತ್ತು. ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳಾಗಬೇಕು ಎಂಬುದು ಅವಳ ಹಟ. ಟ್ರಂಕು ತುಂಬಿ ಬಾಗಿಲ ಪಕ್ಕ ಇಟ್ಟಿದ್ದಳು.

ಶುಕ್ರವಾರ ನಾನು ಮೂರನೇ ಭಾಗ ಆಡಿದ್ದೆ. ಮೆಟ್ಟಿಲ ತುಂಬ ನೀರು. ಒಲ್ಲವ್ವ ಒಂದೊಂದೇ ಮೆಟ್ಟಿಲು ಇಳಿದಳು, ಸೊಂಟ ಮುಳುಗಿತು, ಕುತ್ತಿಗೆ ಮುಳುಗಿತು, ಕೂದಲು ಮೇಲೆ ಹರಡಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಶನಿವಾರ ಬೆಳಿಗ್ಗೆ ಅದನ್ನೇ ಹೇಳಿದೆ. ಉಂಡಿ ಹಿಡಿದ ಆಯಿಯ ಕೈ ಅರ್ಧಕ್ಕೇ ನಿಂತಿತು. ಅವಳ ತಮ್ಮ ಚಿಕ್ಕಂದಿನಲ್ಲಿ ಕೆರೆಯ ಪಾಲಾಗಿದ್ದನೆಂದು ನನಗೆ ಗೊತ್ತಿತ್ತು, ಆದರೆ ಆ ಹೊತ್ತಿಗೆ ನೆನಪಾಗಲಿಲ್ಲ.

"ಯಾರಕಿ ಆಕಿ?"

ಗಿರಾಕಿಯ ಕೈ ಮಾಲಿನ ಮೇಲೆ ನಿಂತಾಗ ಅಂಗಡಿಯವರಿಗೆ ಗೊತ್ತಾಗುತ್ತದೆ, ಇನ್ನೊಂದು ಮಾತು ಸೇರಿಸಿದರೆ ದರ ಬರುತ್ತದೆ ಎಂದು. ನಾನು ಸೇರಿಸಿದೆ.

"ನಮ್ಮ ರೇಣಕ್ಕನಂಗ ಇದ್ಲು."

"ತಿರುಗಿ ಮ್ಯಾಲ ಬಂದ್ಲೇನ?"

"ಇಲ್ಲ."

ಕೇಡನ್ನು ಮೊದಲೇ ತಿಳಿಸಿದ ಕನಸಿಗೆ ದರ ಹೆಚ್ಚೇನೋ, ಆಯಿ ಎರಡು ಉಂಡಿ ಕೊಟ್ಟಳು. ನಾನು ಸ್ಟುಡಿಯೋಕ್ಕೆ ಓಡಿದೆ. ಕಾದು ಕುಳಿತರೂ ಕರೆಂಟು ಬರಲೇ ಇಲ್ಲ.

ಮಧ್ಯಾಹ್ನ ಬಂದಾಗ ಟ್ರಂಕು ಬಾಗಿಲ ಬಳಿ ಇರಲಿಲ್ಲ. ಪಡಸಾಲೆಯಲ್ಲಿ ಅಕ್ಕ ಅಪ್ಪನ ಮುಂದೆ ನಿಂತಿದ್ದಳು.

"ಅಪ್ಪಾ, ಕನಸಿಗೆ ಯಾರರ ಕಾಲೇಜ್ ಬಿಡ್ತಾರನು? ಕಳಸಪಾ ನನ್ನ."

"ಈ ವರ್ಷ ಹೊಸ್ತಿಲ ದಾಟ್ಸಬ್ಯಾಡ ಅಂತಾಳ ನಮ್ಮವ್ವ. ನಾಳೆ ಏನರ ಆತಂದ್ರ ನಾ ಏನ್ ಮಾಡ್ಲಿ?"

"ಏನೂ ಆಗೂದಿಲ್ಲ."

"ಗಿರ್ಜಿ ಕಂಡದ್ದು ಯಾವುದರ ಸುಳ್ಳಾಗೇತೇನ?" ಎಂದು ಅಪ್ಪ ಎದ್ದು ಹೊಲಕ್ಕೆ ನಡೆದ.

ಅಕ್ಕ ನನ್ನನ್ನು ಹಿತ್ತಲಿಗೆ ಕರೆದೊಯ್ದಳು. ಒಗೆಯುವ ಕಲ್ಲಿನ ಮೇಲೆ ಕೂರಿಸಿ ಎರಡೂ ಭುಜ ಹಿಡಿದಳು.

"ಗಿರ್ಜಿ, ಖರೇ ಹೇಳು. ನನ್ನಽ ಕಂಡ್ಯಾ? ಮುಖ ನೋಡೀದೇನ?"

ನನ್ನ ಹಲ್ಲಿನ ಸಂದಿಯಲ್ಲಿ ಇನ್ನೂ ಬೆಲ್ಲ ಇತ್ತು. ಅದು ಶನಿವಾರ ಮಧ್ಯಾಹ್ನ. ಸೋಮವಾರ ಸಂಜೆಗೆ ಎರಡು ಪೂರ್ತಿ ದಿನವಿತ್ತು. ಅದು ಕನಸಲ್ಲ, ಆಟ ಎಂದರೆ ಸಾಕಿತ್ತು. ಅಪ್ಪನ ಏಟು ನೆನಪಾಯಿತು. ನನ್ನ ಪಾಲಿಗೆ ಸ್ಟುಡಿಯೋ ಮುಚ್ಚಿಹೋಗುತ್ತದೆಂಬುದೂ ನೆನಪಾಯಿತು. ಏಟಿನಷ್ಟೇ ಅದೂ ಭಾರವಾಗಿ ಕಂಡಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

"ಹೂಂ. ನಿನ್ನಽ."

ಅವಳು ಕೈ ಬಿಟ್ಟಳು.

ಸೋಮವಾರದ ಹಾವೇರಿ ಬಸ್ಸು ಹೋಯಿತು. ಮರುದಿನದಿಂದ ಅಕ್ಕ ಅಟ್ಟದ ಮೇಲೆ ಮಲಗಿದಳು. ಅವ್ವ ಕೆಳಗಿನಿಂದ ಕೂಗುತ್ತಿದ್ದಳು, "ರೇಣಾ, ರೊಟ್ಟಿ ಆರಾಕತ್ತಾವ, ಬಾರವಾ."

"ಒಲ್ಲೆ."

ನಾನು ಏಣಿಯ ಬುಡದಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಆಟದ ಹುಡುಗಿಗೆ ದನಿ ಇರಲಿಲ್ಲ. ಆ ಮಾತನ್ನು ಅವಳ ಬಾಯಿಗೆ ಹಾಕಿದ್ದು ನಾವು. ಬೇಕೆಂದೇ ಮತ್ತೆ ಮತ್ತೆ ಗುಂಡಿ ಒತ್ತಿ, ಅವಳು ಕುಳಿತು ಮುಖ ಮುಚ್ಚಿಕೊಂಡಾಗ ನಾನು ನಕ್ಕಿದ್ದೆ, ಶಂಕ್ರಣ್ಣನನ್ನು ಕರೆದು ತೋರಿಸಿದ್ದೆ. ಆ ಹುಡುಗಿ ಯಾಕೆ ಹಾಗಾಗಿದ್ದಾಳೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅಟ್ಟದ ಮೇಲಿನ ಈ ಹುಡುಗಿ ನಿಜಕ್ಕೂ ಯಾಕೆ ಹಾಗಾಗಿದ್ದಾಳೆಂದು ಮಾತ್ರ ನನಗೊಬ್ಬಳಿಗೇ ಗೊತ್ತಿತ್ತು.

ಆಮೇಲೆ ನಾನು ಸ್ಟುಡಿಯೋ ಕಡೆ ಹೋಗಲಿಲ್ಲ. ಕನಸೇ ಬೀಳುವುದಿಲ್ಲ ಎಂದು ಆಯಿಗೆ ಹೇಳುತ್ತಿದ್ದೆ. ಅದಾದರೂ ನಿಜವಾಗಿತ್ತು.

ಮರುವರ್ಷ ಕಾಲೇಜಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಆದರೂ ಅಕ್ಕ ಹಾಳೇನೂ ಆಗಲಿಲ್ಲ. ಹೊಲಿಗೆ ಕಲಿತಳು, ಹಿರೇಕೆರೂರಿನ ಕಡೆ ಮದುವೆಯಾದಳು. ಈಗ ಅವಳ ಬ್ಲೌಸಿಗೆ ಬೇರೆ ಊರಿನವರೂ ಬರುತ್ತಾರೆ. ನಾನು ಹಾನಗಲ್ಲಿನಲ್ಲಿ ಹಳೇ ಮೊಬೈಲು ಕೊಂಡು ಮಾರುವ ಅಂಗಡಿ ಇಟ್ಟೆ, ಯಾರ ಹಂಗಿಲ್ಲದೆ ಬೆಳೆಸಿದೆ. ಅಕ್ಕ ಬಂದರೆ ಅಂಗಡಿಯಲ್ಲಿ ಜಗಳವೇ. ಒಂದು ಕವರಿಗೂ "ತಂಗಿ ಆಗಿ ಸುಲಿತೀಯೇನ?" ಎಂದು ಕಾಲು ಭಾಗಕ್ಕೆ ಎಳೆಯುವವಳು.

ಹೋದ ವರ್ಷ ಮಗಳಿಗೆ ಫೋನು ಕೊಳ್ಳಲು ಬಂದಳು. ಹುಡುಗಿಗೆ ಹಾಸ್ಟೆಲ್ ಸೀಟು ಸಿಕ್ಕಿತ್ತು. ಅಕ್ಕನ ಮುಖದ ಸಂತೋಷ ಕಂಡು ಇನ್ನು ಮುಚ್ಚಿಡಲಾರದೆ ಎಲ್ಲ ಹೇಳಿಬಿಟ್ಟೆ. ಆಟ, ಒಲ್ಲವ್ವ, ಎರಡು ಉಂಡಿ. ಅವಳು ಕೈಯಲ್ಲಿದ್ದ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು:

"ಆ ಹುಡುಗಿ ನೀರಾಗಿಂದ ಮ್ಯಾಲ ಬಂದ್ಲೇನ ಕಡೀಕ?"

"ಗೊತ್ತಿಲ್ಲಕ್ಕಾ. ಕರೆಂಟ್ ಹೋತು. ಆಮ್ಯಾಲ ನಾ ನೋಡ್ಲಿಲ್ಲ."

"ನನ್ನ ಸೀಟ ಕಳದ ಮ್ಯಾಲ ಅದನ್ನರ ಪೂರಾ ನೋಡಬೇಕಿಲ್ಲೇನ."

ಬೈಗುಳವೂ ಇಲ್ಲ, ಕಣ್ಣೀರೂ ಇಲ್ಲ. ಫೋನಿನ ದರ ಕೇಳಿದಳು. ಹೇಳಿದೆ. ಒಂದು ರೂಪಾಯಿಗೂ ಎಳೆದಾಡದೆ ಹೇಳಿದಷ್ಟನ್ನೂ ಎಣಿಸಿಟ್ಟು ಹೊರಟಳು. ಬೇರೆ ಗಿರಾಕಿ ಹಾಗೆ ಮಾಡಿದರೆ ನನಗೆ ಹಬ್ಬ. ಅಂದು ಆ ನೋಟುಗಳನ್ನು ಗಲ್ಲಾಕ್ಕೆ ಹಾಕಲು ಕೈ ಬರಲಿಲ್ಲ. ಈಗಲೂ ಬರುತ್ತಾಳೆ, ಚಹಾ ಕುಡಿಯುತ್ತಾಳೆ, ಮಗಳ ಸುದ್ದಿ ಹೇಳುತ್ತಾಳೆ. ಚೌಕಾಸಿ ಮಾತ್ರ ಮಾಡುವುದಿಲ್ಲ. ನನ್ನ ಜೊತೆ ಜಗಳವಾಡುತ್ತಿದ್ದ ಅಕ್ಕನನ್ನು ನಾನು ಕಳೆದುಕೊಂಡದ್ದು ಹೀಗೆ.

ಹೀಗಾಗಿ ಓದುವವರಿಗೆ ಎರಡು ಮಾತು, ಪುಕ್ಕಟೆ. ಮನೆಯಲ್ಲಿ ಹೆಣ್ಣುಮಗಳ ಸೀಟಿನ ಕಾಗದ ಬಂದರೆ ಕೊನೆಯ ದಿನವನ್ನು ದೊಡ್ಡಕ್ಷರದಲ್ಲಿ ಗೋಡೆಗೆ ಹಚ್ಚಿರಿ. ಒಂದು ದಿನ ಮೊದಲೇ ಹೋಗಿ ಹಾಜರಿ ಹಾಕಿಸಿರಿ. ಮನೆಯವರ ಮನಸ್ಸು ತಿರುಗಲು ಒಂದು ರಾತ್ರಿ ಸಾಕು. ಇನ್ನು ಮಕ್ಕಳು ಏನೋ ಕಂಡೆ ಎಂದು ಬಂದು ಹೇಳಿದರೆ, ಅದರ ಅರ್ಥ ಹುಡುಕಲು ಹೋಗಬೇಡಿ, ಎಲ್ಲಿ ಕಂಡೆ ಎಂದು ಕೇಳಿರಿ. ಕೇಳುವ ಮುಂಚೆ ಹೊಡೆಯುವುದಿಲ್ಲ ಎಂದು ಮಾತು ಕೊಡಿರಿ. ಕೊಟ್ಟ ಮೇಲೆ ಹೊಡೆಯಬೇಡಿರಿ.