ಫೈನಲ್ ದಿನ ಈರಣ್ಣ ಆಡಲಿಲ್ಲ

ಚಳಿಗಾಲ ಬಂತೆಂದು ನನಗೆ ಮೊದಲು ಹೇಳುವುದು ಕ್ಯಾಲೆಂಡರಲ್ಲ, ನನ್ನ ಎಡ ಮೊಣಕಾಲು. ಬೆಳಗಾವಿಯ ಥಂಡಿ ಬಾಗಿಲು ದಾಟುವ ಮೊದಲೇ ಅದು ನೋಯತೊಡಗುತ್ತದೆ. ಹೆಂಡತಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದಿಟ್ಟು, ಈ ವಯಸ್ಸಿನಲ್ಲಿ ಇನ್ನು ಯಾರ ಮೇಲೆ ಗೋಲು ಹೊಡೆಯುವುದು ಬಾಕಿ ಇದೆ ಎಂದು ಕೆಣಕುತ್ತಾಳೆ. ನಾನು ನಗುತ್ತೇನೆ. ಆದರೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಾಗ ನೆನಪಾಗುವುದು ಹೊಡೆದ ಗೋಲುಗಳಲ್ಲ, ಮೂವತ್ತು ವರ್ಷಗಳ ಹಿಂದಿನ ಒಂದು ಅಂತರ ಕಾಲೇಜು ಫುಟ್‌ಬಾಲ್ ಫೈನಲ್. ನಾನು ಆ ತಂಡದ ನಾಯಕ, ಮತ್ತು ನಾವು ಸೋತೆವು. ಸೋತದ್ದು ಎಂದೋ ಮರೆತುಹೋಗಿದೆ. ಸೋತ ಮೇಲೆ ಆಡಿದ ಒಂದು ಮಾತು ಮರೆತಿಲ್ಲ.

ನಾನು ವಡಗಾವಿಯ ಮಗ್ಗದ ಮನೆಯವನು. ನಮ್ಮ ಓಣಿಯಲ್ಲಿ ಜೋರಾಗಿ ಒದ್ದರೆ ಚೆಂಡು ಯಾರದೋ ಮಗ್ಗದ ಮೇಲೆ ಬಿದ್ದು ಎಳೆ ಹರಿಯುತ್ತಿತ್ತು, ಎಳೆ ಹರಿದರೆ ನಮ್ಮ ಕಿವಿಯೂ ಹರಿಯುತ್ತಿತ್ತು. ಹೀಗಾಗಿ ಚೆಂಡನ್ನು ಕಾಲಿಗಂಟಿಸಿಕೊಂಡು ಸಣ್ಣ ಸಣ್ಣ ಪಾಸುಗಳಲ್ಲಿ ಆಡುವುದನ್ನು ಕಲಿತೆ. ನನ್ನ ಗೆಳೆಯ ಈರಣ್ಣ ಖಾನಾಪುರ ತಾಲೂಕಿನ ಪಾರಿಶ್ವಾಡದ ಒಕ್ಕಲು ಮನೆತನದವನು. ಪೀಕು ತೆಗೆದ ಬಯಲು ಹೊಲದಲ್ಲಿ ಆಟ ಕಲಿತ ಅವನ ಚೆಂಡನ್ನು ತಡೆಯಲು ಅಲ್ಲಿ ಬದುವಿನ ಹೊರತು ಏನೂ ಇರಲಿಲ್ಲ. ನನ್ನ ಗಿಡ್ಡ ಪಾಸು, ಅವನ ಉದ್ದ ಒದೆತ ಎರಡೂ ಕೂಡಿ ಆ ವರ್ಷ ಕಾಲೇಜನ್ನು ಫೈನಲ್‌ವರೆಗೆ ಒಯ್ದವು.

ಇಬ್ಬರೂ ಲಿಂಗಾಯತರು, ಆದರೆ ನನ್ನ ಇಷ್ಟಲಿಂಗ ಮನೆಯ ದೇವರ ಜಗಲಿಯ ಮೇಲಿರುತ್ತಿತ್ತು. ಜಳಕವಾದ ಮೇಲೆ ಅವಸರದಲ್ಲಿ ಕೈಮುಗಿದರೆ ನನ್ನ ಭಕ್ತಿ ಮುಗಿಯಿತು. ಈರಣ್ಣನದು ಬೆಳ್ಳಿಯ ಕರಡಿಗೆಯೊಳಗೆ, ಕೊರಳ ಶಿವದಾರದಲ್ಲಿ, ಸದಾ ಎದೆಯ ಮೇಲೆ. ಉಸಿರಿರುವತನಕ ಅದನ್ನು ಮೈಯಿಂದ ಅಗಲಿಸಬಾರದೆಂಬುದು ಅವನ ಮನೆಯವರ ನೇಮ. ಆಟದ ದಿನ ಹಳೆಯ ಧೋತರದ ಪಟ್ಟಿಯಿಂದ ಕರಡಿಗೆಯನ್ನು ಎದೆಗೆ ಬಿಗಿದು, ಮೇಲೆ ಜರ್ಸಿ ಹಾಕುತ್ತಿದ್ದ. ಬೆನ್ನ ಹಿಂದೆ ಗಂಟು ಹಾಕಿಕೊಡುವ ಕೆಲಸ ನನ್ನದು.

ಫೈನಲ್ ದಿನದ ರೆಫರಿ ಒಬ್ಬೊಬ್ಬರನ್ನೂ ಮುಟ್ಟಿ ನೋಡಿದರು. ಗಟ್ಟಿ ವಸ್ತು ಮೈಮೇಲಿದ್ದರೆ ಆಡುವವನಿಗೂ ಪೆಟ್ಟು, ಎದುರಿನವನಿಗೂ ಪೆಟ್ಟು, ಬಟ್ಟೆ ಸುತ್ತಿದರೂ ನಿಯಮ ಒಪ್ಪುವುದಿಲ್ಲ ಎಂದು ಸೌಮ್ಯವಾಗಿಯೇ ಹೇಳಿದರು. ನಮ್ಮ ತಂಡದ ಜೊತೆ ಬಂದಿದ್ದ ಆಟದ ಸರ್ ಬೇಡಿಕೊಂಡದ್ದು ವ್ಯರ್ಥವಾಯಿತು. ನಾನು ಈರಣ್ಣನನ್ನು ಬಾಜುಕ್ಕೆ ಕರೆದೆ.

“ಒಂದೂವರೆ ತಾಸಿನ ಮಾತೈತಿ. ಬಿಚ್ಚಿ ಸರ್ ಕೈಯಾಗ ಕೊಡು. ನಾನೂ ಮನ್ಯಾಗ ಬಿಟ್ಟು ಬಂದೇನಿ, ನನಗೇನಾಗೇತಿ?”

ಅವನು ತಲೆ ಎತ್ತಲಿಲ್ಲ. “ನನ್ನ ಕೈಲೆ ಆಗಂಗಿಲ್ಲೋ. ನೀ ಆಡು, ನಾ ಇಲ್ಲೇ ಕುಂದರ್ತೀನಿ.”

ಅವನಿಲ್ಲದೆ ಆಡಿದೆವು. ನನ್ನ ಪಾಸುಗಳು ಅಭ್ಯಾಸಬಲದಿಂದ ಅವನು ಇರಬೇಕಾದ ಜಾಗಕ್ಕೇ ಹೋದವು, ಅಲ್ಲಿ ಎದುರಾಳಿಗಳಿದ್ದರು. ಒಂದೇ ಗೋಲಿನಿಂದ ಸೋತೆವು. ಶಿಳ್ಳೆ ಆದ ಮೇಲೆ ಎಲ್ಲರಿಗಿಂತ ಮೊದಲು ನೀರು ಹಿಡಿದು ಓಡಿಬಂದವನು ಈರಣ್ಣ. ನಾನು ಅವನ ಕೈ ತಳ್ಳಿ, ಇಡೀ ತಂಡದ ಮುಂದೆ ಅಂದೆ: “ನಾವು ಸೋತಿದ್ದು ಅವರಿಗಲ್ಲ. ನಿನ್ನ ಕೊರಳಾಗಿನ ಕಲ್ಲಿಗೆ.”

ಅವನು ಬಾಟಲಿಯನ್ನು ನನ್ನ ಕಾಲ ಬಳಿ ಇಟ್ಟು ಹೋದ.

ಗೆಳೆಯರೆ, ಕ್ಷಮೆ ಕೇಳುವುದಕ್ಕೆ ಮುಹೂರ್ತ ಬೇಕಿಲ್ಲವೆಂದು ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಹತ್ತಿರಹತ್ತಿರ ಮೂವತ್ತು ವರ್ಷ ನಾನು ಮುಹೂರ್ತ ನೋಡಿದೆ. ಮದುವೆಗಳಲ್ಲಿ, ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದ. ಮಳೆ, ಭತ್ತ, ಮಗಳ ಓದು ಎಲ್ಲ ಮಾತಾಡುತ್ತಿದ್ದೆವು. ಕ್ಷಮೆಯ ಮಾತು ಬಾಯಿಗೆ ಬರುವಷ್ಟರಲ್ಲಿ ಬಸ್ಸು ಬರುತ್ತಿತ್ತು. ಮುಂದಿನ ಸಲ ಹೇಳಿದರಾಯಿತು ಅಂದುಕೊಂಡು ಹತ್ತುತ್ತಿದ್ದೆ.

ಹೋದ ವರ್ಷ ಅವನ ಮಗಳು ಫೋನ್ ಮಾಡಿ, ಅಪ್ಪ ಎದೆನೋವು ಬಂದು ತೀರಿಹೋದರು, ಮಧ್ಯಾಹ್ನ ಮಣ್ಣಿದೆ, ಬರ್ರಿ ಅಂದಳು. ಹೋದೆ. ಅವನದೇ ಹೊಲದಲ್ಲಿ ತೋಡಿದ ಸಮಾಧಿಯಲ್ಲಿ ಅವನನ್ನು ಕೂಡಿಸಿದ್ದರು, ಹಣೆತುಂಬ ವಿಭೂತಿ. ಮಠದ ಅಯ್ಯನವರು ಕರಡಿಗೆ ತೆರೆದು ಲಿಂಗವನ್ನು ಅವನ ಎಡ ಅಂಗೈಯಲ್ಲಿಟ್ಟರು. ನಾನು ಕಲ್ಲು ಅಂದದ್ದು ಇದನ್ನೇ. ಅತ್ತುಬಿಟ್ಟೆ. ಸುತ್ತಲಿದ್ದವರು ಹಳೆಯ ಗೆಳೆತನವೆಂದು ಹೆಗಲು ತಟ್ಟಿದರು.

ಮಣ್ಣು ಕೊಟ್ಟು ಮನೆಗೆ ಬಂದ ಮೇಲೆ ಅವನ ಹೆಂಡತಿ ಶಾಂತವ್ವ ನನ್ನನ್ನು ಬೀಗರಿಗೆ ತೋರಿಸಿದರು. “ಇವರೇ ನೋಡ್ರಿ ಆ ಕ್ಯಾಪ್ಟನ್. ಆಟ ಹೋದ್ರ ಹೋಗ್ಲಿ, ಲಿಂಗ ಬಿಚ್ಚಬ್ಯಾಡ ಈರಣ್ಣಾ ಅಂದಾವ್ರು.” ಬಂದವರಿಗೆಲ್ಲ ಅವನು ಈ ಕಥೆ ಹೇಳುತ್ತಿದ್ದನಂತೆ. ಹೀಗೆ ಹೇಳಿ ಹೇಳಿ ನಾನು ನಿಜಕ್ಕೂ ಆಡಿದ ಮಾತನ್ನು ಹೆಂಡತಿಯಿಂದಲೂ ಮುಚ್ಚಿಟ್ಟಿದ್ದ.

ಜನ ಸರಿದ ಮೇಲೆ ಅವರೊಬ್ಬರೇ ಇದ್ದಾಗ ತಡೆಯಲಾಗಲಿಲ್ಲ. “ವೈನಿ, ನಾ ಹಂಗ ಅಂದಿಲ್ಲ. ಬಿಚ್ಚು ಅಂದಾಂವ ನಾನೇ. ಅದನ್ನ ಕಲ್ಲು ಅಂದಾಂವನೂ ನಾನೇ.”

ಶಾಂತವ್ವ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

“ನಮ್ಮ ಮನಿಯವರು ಹಂಗ ಹೇಳಿಲ್ರಿ, ಅಣ್ಣಾರ. ಇವತ್ತೊಂದಿನ ಅವರ ಮಾತ ಸುಳ್ಳ ಮಾಡಬ್ಯಾಡ್ರಿ.”

ಅಂದಿನಿಂದ ಪಾರಿಶ್ವಾಡದಲ್ಲಿ ನಾನು ಲಿಂಗ ಬಿಚ್ಚಬೇಡವೆಂದ ಕ್ಯಾಪ್ಟನ್. ಖರೇ ಏನ್ರಿ ಎಂದು ಯಾರಾದರೂ ಕೇಳಿದರೆ, ಹೌದು ಎನ್ನುತ್ತೇನೆ.